ಜಾನ್ ಗಲೆಯಾತ್ಸೊ ವಿಸ್ಕೊಂತಿಯ ವಂಶವೃಕ್ಷದಲ್ಲಿ ಗಂಡುಸಂತತಿಯನ್ನಷ್ಟೇ ತೋರಿಸಿದರೆ ಸಾಕೇ?

ಸಾಲದು. ಸ್ಪಷ್ಟತೆಗಾಗಿ ತಂದೆಯ ಕವಲನ್ನು ಮಾತ್ರ ಬರೆದು, ಇಬ್ಬರು ಹೆಂಡತಿಯರ ಹೆಸರನ್ನು ಪಕ್ಕದಲ್ಲಿ ಸೇರಿಸಿ, ಉಳಿದ ಶ್ರಮವನ್ನು ಹಿಂದಿನ ತಲೆಮಾರುಗಳನ್ನು ಹುಡುಕಲು ಬಳಸಬೇಕೆಂದಿದ್ದೇನೆ ಎಂದು ನೀವು ಬರೆದಿದ್ದೀರಿ. ಮಿಲಾನಿನ ಈ ಮೊದಲ ಡ್ಯೂಕನ ಮೇಲೆಯೇ ಸ್ನಾತಕೋತ್ತರ ಪ್ರಬಂಧ ಬರೆದ ನಾನು ಇದೇ ಯೋಜನೆಯನ್ನು ಅಕ್ಷರಶಃ ಪಾಲಿಸಿ ಒಂದು ಇಡೀ ಅಧ್ಯಾಯವನ್ನು ಕಳೆದುಕೊಂಡವನು. ಆದ್ದರಿಂದ ಎರಡೂ ಪಕ್ಷಗಳನ್ನು ತೂಗಿ ನೋಡುವ ಸಹನೆಯನ್ನು ನನ್ನಿಂದ ನಿರೀಕ್ಷಿಸಬೇಡಿ.

ನನ್ನ ನಕ್ಷೆ ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಮೇಲ್ತುದಿಯಲ್ಲಿ 1322ರಲ್ಲಿ ತೀರಿಕೊಂಡ ಮೊದಲನೆಯ ಮತ್ತೆಯೊ, ಅವನ ಕೆಳಗೆ ಮಗ ಸ್ತೆಫಾನೊ, ಸ್ತೆಫಾನೊನ ಕೆಳಗೆ ಮತ್ತೆಯೊ, ಗಲೆಯಾತ್ಸೊ, ಬೆರ್ನಬೊ ಎಂಬ ಮೂವರು ಅಣ್ಣತಮ್ಮಂದಿರು, ನಡುವಿನವನಾದ ಎರಡನೆಯ ಗಲೆಯಾತ್ಸೊನ ಕೆಳಗೆ 1351ರಲ್ಲಿ ಹುಟ್ಟಿದ ನಮ್ಮ ಜಾನ್ ಗಲೆಯಾತ್ಸೊ, ಅವನ ಕೆಳಗೆ ಡ್ಯೂಕರಾದ ಇಬ್ಬರು ಗಂಡುಮಕ್ಕಳು. ಸ್ತೆಫಾನೊ ಒಂದು ದಿನವೂ ಮಿಲಾನನ್ನು ಆಳಲಿಲ್ಲ, ಅಧಿಕಾರ ಅವನ ಅಣ್ಣತಮ್ಮಂದಿರ ಕೈಯಲ್ಲಿ ಸುತ್ತಾಡಿ, ಕೊನೆಗೆ ಆರ್ಚ್‌ಬಿಷಪ್ ಜೊವಾನ್ನಿ 1354ರಲ್ಲಿ ಸತ್ತ ಮೇಲೆ ಸ್ತೆಫಾನೊನ ಮಕ್ಕಳಿಗೆ ಬಂತು ಎಂಬುದನ್ನೂ ಬಾಣದ ಗುರುತು ಹಾಕಿ ತೋರಿಸಿದ್ದೆ. ಹೆಂಡತಿಯರ ಹೆಸರುಗಳು ಗಂಡಂದಿರ ಪಕ್ಕದಲ್ಲಿ ಕಂಸದೊಳಗಿದ್ದವು.

ಎಡವಿದ್ದು ಆ ಕಂಸಗಳಲ್ಲಿಯೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಸರು ಬಿಟ್ಟುಹೋಗುವುದಕ್ಕಿಂತ ಹೆಸರು ಇದ್ದೂ ದಾರಿ ಇಲ್ಲದಿರುವುದು ಹೆಚ್ಚು ಮೋಸ ಮಾಡುತ್ತದೆ. ಜಾನ್ ಗಲೆಯಾತ್ಸೊನ ಪಕ್ಕದಲ್ಲಿ ‘ಎರಡನೆಯ ಹೆಂಡತಿ ಕತೆರೀನಾ’ ಎಂದು ನಾನು ಬರೆದಿದ್ದೆ, ಅದು ಸುಳ್ಳಲ್ಲ. ಆದರೆ ಆ ಕತೆರೀನಾ ಅದೇ ಹಾಳೆಯ ಬಲಗಡೆಯಲ್ಲಿದ್ದ ಬೆರ್ನಬೊನ ಮಗಳು, ಅಂದರೆ ಗಂಡನ ಖಾಸಾ ಚಿಕ್ಕಪ್ಪನ ಮಗಳು, ಎಂಬುದನ್ನು ತೋರಿಸುವ ಗೆರೆಯೊಂದು ಇರಲಿಲ್ಲ. ಗೆರೆ ಎಳೆಯಲು ಅಲ್ಲಿ ಜಾಗವನ್ನೂ ಬಿಟ್ಟಿರಲಿಲ್ಲ, ಏಕೆಂದರೆ ಬೆರ್ನಬೊ ಮತ್ತು ರೆಜೀನಾ ದೆಲ್ಲಾ ಸ್ಕಾಲಾ ದಂಪತಿಗೆ ಹುಟ್ಟಿದ 15 ಮಕ್ಕಳಲ್ಲಿ ಗಂಡುಮಕ್ಕಳನ್ನು ಮಾತ್ರ ಹೆಸರಿಸಿ, ಉಳಿದವರನ್ನು ‘ಹಾಗೂ ಅನೇಕ ಹೆಣ್ಣುಮಕ್ಕಳು’ ಎಂಬ ಮೂರು ಪದಗಳಲ್ಲಿ ಮುಗಿಸಿಬಿಟ್ಟಿದ್ದೆ. ಪ್ರಬಂಧವನ್ನು ಬರೆಯುವಾಗ ನಾನು ಪ್ರತಿ ಸಲ ನೋಡುತ್ತಿದ್ದದ್ದು ಮೂಲ ಬರಹಗಳನ್ನಲ್ಲ, ಈ ನಕ್ಷೆಯನ್ನು. ನಕ್ಷೆಯಲ್ಲಿ ಇಲ್ಲದ ಸಂಬಂಧ ನನ್ನ ವಾಕ್ಯಗಳಲ್ಲಿಯೂ ಬರಲಿಲ್ಲ, ವಾದದಲ್ಲಿಯೂ ಬರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. ಜಾನ್ ಗಲೆಯಾತ್ಸೊನ ಮಗಳು, ಫ್ರಾನ್ಸಿನ ದೊರೆಯ ತಮ್ಮ ಓರ್ಲೆಯಾನ್ಸಿನ ಲೂಯಿಯ ಹೆಂಡತಿ ವಲೆಂತೀನಾ 1396ರಲ್ಲಿ ಪ್ಯಾರಿಸ್ಸಿನ ಅರಮನೆಯನ್ನು ಬಿಟ್ಟು ಹೋಗಬೇಕಾಯಿತಲ್ಲ, ರಾಣಿಗೆ ಅವಳ ಮೇಲೆ ಅಷ್ಟು ಹಗೆ ಏಕೆ? ಬುದ್ಧಿಭ್ರಮಣೆಗೆ ಒಳಗಾಗಿದ್ದ ದೊರೆ ಆರನೆಯ ಶಾರ್ಲ್‌ಗೆ ವಲೆಂತೀನಾ ಮಾಟ ಮಾಡಿಸಿದ್ದಾಳೆ ಎಂಬ ಪುಕಾರು ಹಬ್ಬಿತ್ತು ಎಂದು ನಾನು ಧೈರ್ಯವಾಗಿ ಹೇಳಿದೆ. ಪುಕಾರು ಇದ್ದದ್ದು ನಿಜ. ‘ರಾಣಿಯ ತಾಯಿ ಯಾರು?’ ಎಂದು ಅವರು ಮರುಪ್ರಶ್ನೆ ಹಾಕಿದರು. ರಾಣಿ ಇಸಾಬೊ ಬವೇರಿಯಾದವಳು ಎಂಬಲ್ಲಿಗೆ ನನ್ನ ವಿದ್ಯೆ ಮುಗಿದಿತ್ತು. ಅವಳ ತಾಯಿ ತದ್ದೆಯಾ ವಿಸ್ಕೊಂತಿ, ಬೆರ್ನಬೊನ ಮಗಳು, ನಾನು ಮೂರು ಪದಗಳಲ್ಲಿ ಹೂತುಹಾಕಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳು. ಇಸಾಬೊಳ ತಾತನನ್ನು ಸೆರೆಹಿಡಿದು ಕೋಟೆಯಲ್ಲಿ ಸಾಯುವಂತೆ ಮಾಡಿದವನು ವಲೆಂತೀನಾಳ ತಂದೆ. ಇಸಾಬೊ ಶಾರ್ಲ್‌ನನ್ನು ಮದುವೆಯಾದದ್ದು 1385ರ ಜುಲೈನಲ್ಲಿ. ತಾತ ಸೆರೆಯಾದದ್ದು ಅದೇ ವರ್ಷದ ಮೇ ತಿಂಗಳಿನಲ್ಲಿ. ಪ್ಯಾರಿಸ್ಸಿನ ಜಗಳದ ಒಂದು ಬೇರು ಮಿಲಾನಿನ ಕೋಟೆಬಾಗಿಲಲ್ಲಿತ್ತು. ನಾನು ಅದನ್ನು ಮಾಟಮಂತ್ರದ ಲೆಕ್ಕಕ್ಕೆ ಬರೆದಿದ್ದೆ. ಆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಯಿತು, ಪದವಿ ತಡವಾಯಿತು, ಮುಂದಿನ ಸಂಶೋಧನೆಗೆ ಹೆಚ್ಚು ಕಡಿಮೆ ಖಚಿತವಾಗಿದ್ದ ವಿದ್ಯಾರ್ಥಿವೇತನ ಬೇರೆಯವರ ಪಾಲಾಯಿತು.

ಈಗ ನಿಮ್ಮ ಪ್ರಬಂಧದ ಕೇಂದ್ರಕ್ಕೆ ಬರೋಣ. 1380ರಲ್ಲಿ ಜಾನ್ ಗಲೆಯಾತ್ಸೊ ಕತೆರೀನಾಳನ್ನು ಮದುವೆಯಾದ; ಮರುವರ್ಷ ಅವನ ತಂಗಿ ವಿಯೊಲಾಂತೆಯನ್ನು ಬೆರ್ನಬೊನ ಮಗ ಲೊದೊವಿಕೊನಿಗೆ ಕೊಟ್ಟರು. ಹೆಣ್ಣು ಕೊಟ್ಟು ಹೆಣ್ಣು ತಂದ ಈ ಎರಡು ಮದುವೆಗಳನ್ನು ಬೇರೆಬೇರೆ ಪುಟಗಳಲ್ಲಿ ಬರೆದರೆ ಅವುಗಳ ಅರ್ಥವೇ ಹೋಗುತ್ತದೆ. ಪವಿಯಾದಲ್ಲಿ ಕುಳಿತ ಅಣ್ಣನ ಮಗನನ್ನು ಹತೋಟಿಯಲ್ಲಿಡಲು ಮಿಲಾನಿನಲ್ಲಿದ್ದ ಚಿಕ್ಕಪ್ಪ ಎರಡೂ ಕಡೆಯಿಂದ ಗಂಟು ಹಾಕಿದ ಎಂದೇ ನಾನು ಓದುತ್ತೇನೆ. ಅಳಿಯ ಐದು ವರ್ಷ ದೇವರು ದಿಂಡರು ಎಂದುಕೊಂಡು ತೆಪ್ಪಗಿದ್ದ. 1385ರ ಮೇ 6ರಂದು, ವರೇಸೆಯ ಬೆಟ್ಟದ ಮೇಲಿನ ಮಾತೆ ಮೇರಿಯ ಗುಡಿಗೆ ಹರಕೆ ತೀರಿಸಲು ಹೊರಟಿದ್ದೇನೆ, ದಾರಿಯಲ್ಲಿ ಮಾವನವರನ್ನು ಕಂಡು ಹೋಗುತ್ತೇನೆ ಎಂದು ಹೇಳಿ ಕಳುಹಿಸಿ, ನೂರಾರು ಸವಾರರೊಂದಿಗೆ ಮಿಲಾನಿನ ಹೊರಗೆ ಬಂದು ನಿಂತ. ಬೆರ್ನಬೊ ಹೇಸರಗತ್ತೆಯ ಮೇಲೆ, ತಕ್ಕ ಕಾವಲಿಲ್ಲದೆ, ಇಬ್ಬರು ಗಂಡುಮಕ್ಕಳೊಂದಿಗೆ ಎದುರುಗೊಳ್ಳಲು ಬಂದ. ಕುಶಲ ಪ್ರಶ್ನೆ ಮುಗಿಯುತ್ತಿದ್ದಂತೆ ಅಳಿಯನ ದಂಡನಾಯಕ ಯಾಕೊಪೊ ದಾಲ್ ವೆರ್ಮೆಯ ಸವಾರರು ಮುತ್ತಿಕೊಂಡರು. ಅದೇ ಡಿಸೆಂಬರಿನಲ್ಲಿ ಬೆರ್ನಬೊ ತ್ರೆತ್ಸೊ ಕೋಟೆಯಲ್ಲಿ ಸತ್ತ. ಅವನೊಂದಿಗೆ ಸಿಕ್ಕಿಬಿದ್ದ ಇಬ್ಬರು ಮಕ್ಕಳಲ್ಲಿ ಒಬ್ಬನು ಲೊದೊವಿಕೊ, ಅಂದರೆ ಹಿಡಿಸಿದವನ ಸ್ವಂತ ತಂಗಿಯ ಗಂಡ. ಗಂಡುಸಂತತಿಯ ನಕ್ಷೆಯಲ್ಲಿ ಇದು ದಾಯಾದಿ ಜಗಳದಂತೆ ಕಾಣುತ್ತದೆ. ಮದುವೆಗಳ ಗೆರೆ ಎಳೆದ ನಕ್ಷೆಯಲ್ಲಿ ಅದೇ ಮನುಷ್ಯ ಮಾವನನ್ನೂ ಭಾವನನ್ನೂ ಒಂದೇ ಬೆಳಿಗ್ಗೆ ಹಿಡಿದು ಹಾಕಿದ್ದಾನೆ. ಅಷ್ಟೇ ಅಲ್ಲ, ಕತೆರೀನಾಳ ಹೊಟ್ಟೆಯಲ್ಲಿ 1388ರಲ್ಲಿ ಹುಟ್ಟಿದ ಜೊವಾನ್ನಿ ಮರಿಯಾ ಮತ್ತು 1392ರಲ್ಲಿ ಹುಟ್ಟಿದ ಫಿಲಿಪ್ಪೊ ಮರಿಯಾ ಇಬ್ಬರೂ ಬೆರ್ನಬೊನ ಮೊಮ್ಮಕ್ಕಳು. ಸೆರೆಯಲ್ಲಿ ಸತ್ತವನ ರಕ್ತವೇ ಡ್ಯೂಕ್ ಪಟ್ಟದಲ್ಲಿ ಮುಂದುವರಿಯಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ವಲೆಂತೀನಾಳ ತಾಯಿ ಇಸಾಬೆಲ್ ಫ್ರಾನ್ಸಿನ ಐದನೆಯ ಶಾರ್ಲ್‌ನ ತಂಗಿ. ಗಂಡ ಲೂಯಿ ಅದೇ ಶಾರ್ಲ್‌ನ ಮಗ. ಸೋದರಮಾವನ ಮಗನಿಗೆ ಹೆಣ್ಣು ಕೊಟ್ಟ ಈ ಸಂಬಂಧ ನಮ್ಮ ಕಣ್ಣಿಗೆ ಪರಮ ಸಹಜವಾಗಿ ಕಾಣುತ್ತದೆ, ಚಿಕ್ಕಪ್ಪನ ಮಗಳನ್ನು ಕಟ್ಟಿಕೊಂಡ ತಂದೆಯ ಮದುವೆ ಮಾತ್ರ ಹೇಸಿಗೆಯಾಗಿ ಕಾಣುತ್ತದೆ. ಅಂದಿನ ಚರ್ಚಿನ ನಿಯಮದಲ್ಲಿ ಎರಡೂ ಒಂದೇ ತೂಕದ ನಿಷಿದ್ಧ ಸಂಬಂಧಗಳು. ಎರಡಕ್ಕೂ ಪೋಪರ ವಿನಾಯಿತಿ ಬೇಕಿತ್ತು. ನಮ್ಮ ಮನೆಯ ವಾಡಿಕೆಯನ್ನು ಲೊಂಬಾರ್ದಿಗೆ ಒಯ್ದು ಒಂದನ್ನು ಮಾಮೂಲು, ಇನ್ನೊಂದನ್ನು ಹಗರಣ ಎಂದು ಬರೆಯಬೇಡಿ.

ಮೊದಲ ಮದುವೆಯನ್ನು ‘ಫ್ರಾನ್ಸಿನ ರಾಜಕುಮಾರಿಯೊಂದಿಗೆ’ ಎಂಬ ಒಂದು ಸಾಲಿನಲ್ಲಿ ಮುಗಿಸುವುದೂ ತಪ್ಪು. ಇಂಗ್ಲಿಷರಿಗೆ ಸೆರೆಸಿಕ್ಕಿದ್ದ ಫ್ರಾನ್ಸಿನ ಎರಡನೆಯ ಜಾನ್‌ನನ್ನು ಬಿಡಿಸಿಕೊಳ್ಳಲು 1360ರ ಒಪ್ಪಂದದಂತೆ 30 ಲಕ್ಷ ಚಿನ್ನದ ನಾಣ್ಯಗಳನ್ನು ಕೊಡಬೇಕಿತ್ತು. ವಿಸ್ಕೊಂತಿಗಳ ಬಳಿ ಹಣವಿತ್ತು, ರಾಜರಕ್ತ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 12 ವರ್ಷದ ಇಸಾಬೆಲ್‌ಳಿಗೂ ಇನ್ನೂ 9 ತುಂಬದ ಹುಡುಗ ಜಾನ್ ಗಲೆಯಾತ್ಸೊನಿಗೂ ಮದುವೆ ನಡೆಯಿತು. ದೊರೆ ಹೆತ್ತ ಮಗಳನ್ನು ಮಾರಿಕೊಂಡ ಎಂದು ಜನ ಆಡಿಕೊಂಡರು. ಅವಳು ತಂದ ಶಾಂಪೇನ್ ಸೀಮೆಯ ವೆರ್ತು ಎಂಬ ಸಣ್ಣ ಕೌಂಟಿಯಿಂದಾಗಿ ಅವನು ‘ವಿರ್ತು ಕೌಂಟ್’ ಎಂದು ಕರೆಸಿಕೊಂಡ. ಡ್ಯೂಕ್ ಪದವಿ ಬಂದದ್ದು 1395ರಲ್ಲಿ, ಅದಕ್ಕೂ ಜರ್ಮನ್ನರ ದೊರೆ ವೆಂಚೆಸ್ಲಾಸ್‌ನಿಗೆ 1 ಲಕ್ಷ ಫ್ಲೊರಿನ್ ಚಿನ್ನದ ನಾಣ್ಯ ತೆತ್ತು. ಇಸಾಬೆಲ್ 1372ರಲ್ಲಿ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ಅವಳ ಗಂಡುಮಕ್ಕಳು ಒಬ್ಬೊಬ್ಬರಾಗಿ ಎಳೆಯ ವಯಸ್ಸಿನಲ್ಲಿ ಸತ್ತರು, ಉಳಿದದ್ದು ವಲೆಂತೀನಾ ಒಬ್ಬಳು. 1387ರಲ್ಲಿ ಅವಳ ಮದುವೆಯ ಕರಾರು ಬರೆಸುವಾಗ ಜಾನ್ ಗಲೆಯಾತ್ಸೊನಿಗೆ ಬದುಕಿದ್ದ ಗಂಡುಮಗನೇ ಇರಲಿಲ್ಲ ಎಂಬುದನ್ನು ನಿಮ್ಮ ನಕ್ಷೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆಯಿರಿ. ‘ಆಸ್ತಿ’ ಎಂಬ ಹೆಸರಿನ ಪಟ್ಟಣ ಮತ್ತು 4.5 ಲಕ್ಷ ಫ್ಲೊರಿನ್ ವರದಕ್ಷಿಣೆಯ ಜೊತೆಗೆ, ಗಂಡುಸಂತತಿ ನಿಂತುಹೋದರೆ ರಾಜ್ಯ ವಲೆಂತೀನಾಳಿಗೂ ಅವಳ ಮಕ್ಕಳಿಗೂ ಸೇರಬೇಕು ಎಂಬ ಷರತ್ತು ಆ ಕರಾರಿನಲ್ಲಿ ಬಂದದ್ದು ಅದಕ್ಕೇ. 1499ರಲ್ಲಿ ಫ್ರಾನ್ಸಿನ ಹನ್ನೆರಡನೆಯ ಲೂಯಿ ಮಿಲಾನಿನ ಮೇಲೆ ದಂಡೆತ್ತಿ ಬಂದಾಗ ಮುಂದಿಟ್ಟದ್ದು ಇದೇ ಹಕ್ಕನ್ನು. ಅವನು ವಲೆಂತೀನಾಳ ಮೊಮ್ಮಗ.

ಹಿಂದಿನ ತಲೆಮಾರುಗಳ ವಿಷಯದಲ್ಲಿ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಬೇಕಾಗಿದೆ. 1277ರಲ್ಲಿ ದೇಸಿಯೊ ಕಾಳಗದಲ್ಲಿ, ಆಗ ಮಿಲಾನನ್ನು ಆಳುತ್ತಿದ್ದ ದೆಲ್ಲಾ ತೊರ್ರೆ ಮನೆತನವನ್ನು ಸೋಲಿಸಿದ ಆರ್ಚ್‌ಬಿಷಪ್ ಒತ್ತೋನೆಯವರೆಗೆ ಹೋಗಿ ನಿಂತರೆ ಸಾಕು. ಮೊದಲನೆಯ ಮತ್ತೆಯೊ ಅವನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮೊಮ್ಮಗ. ಅದಕ್ಕೂ ಹಿಂದಿನದನ್ನು ಹೇಳುವ ಉಮೇದು ವಿಸ್ಕೊಂತಿಗಳಿಗೇ ಬೇಕಾದಷ್ಟಿತ್ತು. 1402ರ ಸೆಪ್ಟೆಂಬರ್ 3ರಂದು ಜಾನ್ ಗಲೆಯಾತ್ಸೊ ಸತ್ತಾಗ ಅಗಸ್ಟೀನ್ ಪಂಥದ ಪಿಯೆತ್ರೊ ದಾ ಕಸ್ತೆಲ್ಲೆತ್ತೊ ಮಾಡಿದ ಸ್ತುತಿಭಾಷಣದ ಹಸ್ತಪ್ರತಿ ಈಗ ಪ್ಯಾರಿಸ್ಸಿನಲ್ಲಿದೆ. ಮಿಕೆಲೀನೊ ದಾ ಬೆಸೊತ್ಸೊ ಚಿತ್ರಿಸಿದ ಅದರ ವಂಶಾವಳಿಯಲ್ಲಿ ಪೂರ್ವಿಕರ ಪುಟ್ಟ ಮುಖಗಳು ಸಾಲಾಗಿ ಹಿಂದಕ್ಕೆ ಸಾಗಿ ಟ್ರಾಯ್‌ನ ಈನಿಯಸ್‌ನನ್ನು, ಅವನ ತಾಯಿ ವೀನಸ್ ದೇವಿಯನ್ನು ಮುಟ್ಟುತ್ತವೆ. ಜಾನ್ ಗಲೆಯಾತ್ಸೊನ ನಿಜವಾದ ಚಕ್ರವರ್ತಿ ಪೂರ್ವಿಕ ಇದ್ದದ್ದು ತಾಯಿಯ ಕಡೆಯಲ್ಲಿ. ತಾಯಿ ಸವೊಯ್ ಮನೆತನದ ಬಿಯಾಂಕಾ. ಬಿಯಾಂಕಾಳ ತಾಯಿ ಮೊನ್‌ಫೆರ್ರಾತೊದ ವಿಯೊಲಾಂತೆ. ಅವಳ ತಂದೆ ತಿಯೊದೊರೊ. ತಿಯೊದೊರೊನ ತಂದೆ ಕಾನ್‌ಸ್ಟಾಂಟಿನೋಪಲಿನ ಸಿಂಹಾಸನದಲ್ಲಿದ್ದ ಎರಡನೆಯ ಆಂಡ್ರೊನಿಕಸ್ ಪಾಲಿಯೊಲೊಗಸ್. ನಾಲ್ಕೇ ಮೆಟ್ಟಿಲು, ದಾಖಲೆಯಿರುವ ಮೆಟ್ಟಿಲು. ಅದು ಸಿಗುವುದು ಅಜ್ಜಿಯನ್ನು ಕಂಸದಿಂದ ಹೊರಗೆ ತಂದಾಗ.

ಒಂದೇ ಹೆಸರು ಮತ್ತೆ ಮತ್ತೆ ಬಂದು ತಲೆ ಕೆಡುತ್ತದೆ ಎಂದಿದ್ದೀರಿ. ಗಂಡುಸಂತತಿಗೆ ಅಂಟಿಕೊಂಡರೆ ಕೆಡಲೇಬೇಕು. ಸ್ತೆಫಾನೊನ ಹೆಂಡತಿ ಜಿನೋವಾದ ವಲೆಂತೀನಾ ದೋರಿಯಾ, ಅವಳ ತಂದೆ ಬೆರ್ನಬೊ ದೋರಿಯಾ. ಮಿಲಾನಿನ ಮನೆಗೆ ಬೆರ್ನಬೊ ಎಂಬ ಹೆಸರು ಬಂದದ್ದು ಹೀಗೆ. ಓರ್ಲೆಯಾನ್ಸಿಗೆ ಹೋದ ವಲೆಂತೀನಾ ಒಬ್ಬಳಾದರೆ, ಸೈಪ್ರಸ್ಸಿನ ದೊರೆಯನ್ನು ಮದುವೆಯಾದ ಬೆರ್ನಬೊನ ಮಗಳು ಇನ್ನೊಬ್ಬ ವಲೆಂತೀನಾ. ಇಬ್ಬರ ಹೆಸರೂ ಅಜ್ಜಿ, ಮುತ್ತಜ್ಜಿಯರ ಕಡೆಯಿಂದ ಬಂದ ಅದೇ ದೋರಿಯಾ ಹೆಸರು. ಜಾನ್ ಗಲೆಯಾತ್ಸೊನ ತಂಗಿ ವಿಯೊಲಾಂತೆಗೂ ತಾಯಿಯ ತಾಯಿಗೂ ಒಂದೇ ಹೆಸರು. ಪ್ರತಿ ಹೆಸರಿನ ಕೆಳಗೆ ತಾಯಿಯ ಹೆಸರನ್ನೂ ತಾಯಿಯ ತಂದೆಯ ಹೆಸರನ್ನೂ ಬರೆಯುತ್ತಾ ಹೋಗಿ, ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಬೆರ್ನಬೊನ ಹೆಣ್ಣುಮಕ್ಕಳಿಗೆ ಒಂದು ಪ್ರತ್ಯೇಕ ಹಾಳೆಯನ್ನೇ ಕೊಡಿ ಎಂಬುದು ನನ್ನ ಒತ್ತಾಯ. ವೆರ್ದೆ ಆಸ್ಟ್ರಿಯಾದ ಮೂರನೆಯ ಲಿಯೊಪೋಲ್ಡ್‌ನ ಹೆಂಡತಿ, ಅವಳ ಮೊಮ್ಮಗ ಮುಂದೆ ಚಕ್ರವರ್ತಿ ಮೂರನೆಯ ಫ್ರೆಡೆರಿಕ್. ಆಂಟೋನಿಯಾ ವ್ಯೂರ್ಟೆಂಬೆರ್ಗಿಗೆ, ಮದ್ದಲೇನಾ ಬವೇರಿಯಾಕ್ಕೆ ಹೋದರು. ಮಾಂತುವಾದ ಫ್ರಾಂಚೆಸ್ಕೊ ಗೊಂಜಾಗನನ್ನು ಮದುವೆಯಾದ ಆಗ್ನೇಸೆಯನ್ನು 1391ರಲ್ಲಿ ವ್ಯಭಿಚಾರದ ಆರೋಪ ಹೊರಿಸಿ ಗಂಡನೇ ಕೊಲ್ಲಿಸಿದ. ತಂದೆ ಅಧಿಕಾರದಲ್ಲಿದ್ದಿದ್ದರೆ ಅವನಿಗೆ ಆ ಧೈರ್ಯ ಬರುತ್ತಿತ್ತೇ ಎಂಬ ಅನುಮಾನ ನನಗೆ ಇನ್ನೂ ಇದೆ. ಔರಸಳಲ್ಲದ ದೊನ್ನೀನಾಳನ್ನೂ ಬಿಡಬೇಡಿ, ಅವಳ ಗಂಡ ಇಂಗ್ಲಿಷ್ ಕೂಲಿದಂಡಿನ ನಾಯಕ ಜಾನ್ ಹಾಕ್‌ವುಡ್.

ದಾಸಿಯರ, ಪ್ರೇಯಸಿಯರ ಮಕ್ಕಳನ್ನು ಕೈಬಿಡಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಬಿಡಬಾರದು. ಪ್ರೇಯಸಿ ಆಗ್ನೇಸೆ ಮಂತೆಗಾತ್ಸಾಳಲ್ಲಿ ಹುಟ್ಟಿದ ಗಬ್ರಿಯೇಲೆ ಮರಿಯಾನಿಗೆ ಜಾನ್ ಗಲೆಯಾತ್ಸೊ ಪೀಸಾ ನಗರವನ್ನು ಬಿಟ್ಟುಹೋದ. ಅವನನ್ನು 1408ರಲ್ಲಿ ಜಿನೋವಾದಲ್ಲಿ ತಲೆ ಕಡಿದರು. ಜೊವಾನ್ನಿ ಮರಿಯಾ 1412ರಲ್ಲಿ ಮಕ್ಕಳಿಲ್ಲದೆ ಕೊಲೆಯಾದ, ಫಿಲಿಪ್ಪೊ ಮರಿಯಾ 1447ರಲ್ಲಿ ಔರಸ ಗಂಡುಮಗನಿಲ್ಲದೆ ಸತ್ತ. ಗಂಡುಸಂತತಿಯ ನಿಮ್ಮ ನಕ್ಷೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಆಗ್ನೇಸೆ ದೆಲ್ ಮಾಯ್ನೊಳಲ್ಲಿ ಫಿಲಿಪ್ಪೊ ಮರಿಯಾನಿಗೆ ಹುಟ್ಟಿದ ಬಿಯಾಂಕಾ ಮರಿಯಾ 1441ರಲ್ಲಿ ಕೂಲಿದಂಡಿನ ನಾಯಕ ಫ್ರಾಂಚೆಸ್ಕೊ ಸ್ಫೋರ್ತ್ಸಾನನ್ನು ಮದುವೆಯಾಗಿದ್ದಳು. 1450ರಲ್ಲಿ ಮಿಲಾನ್ ಪ್ರವೇಶಿಸಿದ ಸ್ಫೋರ್ತ್ಸಾ, ಹೆಂಡತಿಯ ಹೆಸರನ್ನೇ ಮುಂದಿಟ್ಟು ಡ್ಯೂಕ್ ಆದ. ಅವಳಿಗೆ ನಿಮ್ಮ ಹಾಳೆಯ ಕೆಳಭಾಗದಲ್ಲಿ ಈಗಲೇ ಜಾಗ ಬಿಡಿ.