ಬನಿಯನ್ ಬಿಚ್ಚಿಸದೆ ಬರೆದ ಎಂಆರ್‌ಐ

ಮುಂದಿನ ತಿಂಗಳು ನ್ಯೂರಾಲಜಿ (ನರರೋಗ ವಿಭಾಗ) ಪೋಸ್ಟಿಂಗ್, ಮೊದಲು ಎಂಆರ್‌ಐ ಓದೋದು ಕಲಿಯಲಾ, ದಪ್ಪ ಪುಸ್ತಕ ಹಿಡಿಯಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಎಂಡಿ ಮೊದಲ ವರ್ಷ ನನ್ನದೂ ಇದೇ ಲೆಕ್ಕಾಚಾರ ಇತ್ತು.

ಒಪಿಡಿಗೆ 50ರ ಆಸುಪಾಸಿನ ಯಜಮಾನರೊಬ್ಬರು ಬಂದರು. ಮೂರು ವಾರದಿಂದ ಕಾಲು ಸೋಲುತ್ತಿದೆ, ಚಪ್ಪಲಿ ಜಾರಿದರೂ ಗೊತ್ತಾಗಲ್ಲ. "ಉಡಿದಾರ ಎದೆಗೆ ಏರಿ ಬಿಗಿದ ಹಾಗಾಗುತ್ತೆ ಸಾರ್" ಅಂದರು. ಗ್ಯಾಸ್ ಅಂತ ಬರೆದು ಪ್ಯಾಂಟೊಪ್ರಜೋಲ್ ಸೇರಿಸಿದೆ. ಕಾಲು ತಾನೇ, ಸೊಂಟದ ಎಂಆರ್‌ಐ ಬರೆದೆ. ಸಾಲ ಮಾಡಿ ಮಾಡಿಸಿಕೊಂಡು ಬಂದರು. ವಯಸ್ಸಿಗೆ ತಕ್ಕ ಸವೆತ, ಅಷ್ಟೇ. ನೋವಿನ ಮಾತ್ರೆ ಕೊಟ್ಟು ಕಳಿಸಿದೆ. 11ನೇ ದಿನ ಸ್ಟ್ರೆಚರ್ ಮೇಲೆ ಬಂದರು, ಮೂತ್ರ ಕಟ್ಟಿತ್ತು.

ಇವತ್ತಿಗೂ ಹೊಟ್ಟೆ ಉರಿಯೋದು ಯಾಕೆ ಅಂದರೆ, ಎಲ್ಲಾ ನನ್ನ ಕಣ್ಣೆದುರೇ ಇತ್ತು. ಮೊಣಕಾಲಿಗೆ ಸುತ್ತಿಗೆ ತಾಗಿಸಿದರೆ ಕಾಲು ಚಿಮ್ಮುತ್ತಿತ್ತು, ಕೇಸ್ ಶೀಟಿನಲ್ಲಿ ನಾನೇ ಮೂರು ಪ್ಲಸ್ (ಸಹಜಕ್ಕಿಂತ ಚುರುಕು) ಹಾಕಿದ್ದೆ. ಬೆನ್ನುಹುರಿ ಮುಗಿಯೋದು ಎಲ್1 (ಸೊಂಟದ ಮೊದಲ ಕಶೇರು) ಹತ್ತಿರ, ಅದರ ಕೆಳಗೆ ಬರೀ ನರದ ಬೇರುಗಳು. ಬೇರು ಒತ್ತಿಕೊಂಡರೆ ರಿಫ್ಲೆಕ್ಸ್ ಸಾಯುತ್ತೆ, ಚಿಮ್ಮಲ್ಲ. ಚಿಮ್ಮಿತು ಅಂದರೆ ತೊಂದರೆ ಮೇಲೆ, ಹುರಿಯಲ್ಲೋ ಮೆದುಳಲ್ಲೋ ಇದೆ. ನಾನು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಕೂಟರ್ ಕೀಯಿಂದ ಪಾದಕ್ಕೆ ಗೆರೆ ಎಳೆದೆ. ಹೆಬ್ಬೆರಳು ಮೇಲೆದ್ದಿತೋ, ಕಚಗುಳಿಗೆ ಕಾಲೆಳೆದುಕೊಂಡರೋ ತಿಳಿಯದೆ 'ಇಕ್ವಿವೋಕಲ್' ಅಂತ ಗೀಚಿದೆ. ಹೆಬ್ಬೆರಳು ಮೇಲೆದ್ದರೆ ಹುರಿಗೋ ಮೆದುಳಿಗೋ ಪೆಟ್ಟು ಅಂತ ನರವೈದ್ಯ ಬಾಬಿನ್‌ಸ್ಕಿ 1896ರಲ್ಲೇ ಹೇಳಿಟ್ಟ ಗುರುತು, ಇನ್ನೊಮ್ಮೆ ನೋಡೋಕೆ ಅರ್ಧ ನಿಮಿಷ ಸಾಕಿತ್ತು. ಪಿನ್ ಚುಚ್ಚಿದಾಗ ತೊಡೆಯಲ್ಲೂ ಸರಿಯಾಗಿ ಗೊತ್ತಾಗಲ್ಲ ಅಂದರು, ಅಲ್ಲಿಗೇ ನಿಲ್ಲಿಸಿದೆ. ಹೊಕ್ಕುಳಿನ ಸ್ಪರ್ಶ ಡಿ10 (ಬೆನ್ನಿನ ಹತ್ತನೇ) ನರದ್ದು, ಮೊಲೆತೊಟ್ಟಿನದು ಡಿ4 ಅಂತ ಬಾಯಿಪಾಠ ಮಾಡಿದ್ದವನು ಪಿನ್ನನ್ನು ಮೇಲಕ್ಕೆ ಒಯ್ಯಲಿಲ್ಲ. ಒಯ್ಯಬೇಕಾದರೆ ಬನಿಯನ್ ಬಿಚ್ಚಿಸಬೇಕಿತ್ತು, ಹೊರಗೆ ಉದ್ದ ಸಾಲು. ಬಿಚ್ಚಿಸಿದ್ದರೆ ಬೆನ್ನಿನ ಗೂನು ಕಣ್ಣಿಗೇ ಬೀಳುತ್ತಿತ್ತು. ಕೊನೆಗೆ ಅದನ್ನು ಕಂಡದ್ದು ಬಟ್ಟೆ ಬದಲಿಸುತ್ತಿದ್ದ ಸಿಸ್ಟರ್. ಡಿ5-ಡಿ6 ಮೂಳೆಗೆ ಟಿಬಿ, ಕೀವು ಹುರಿಯನ್ನು ಒತ್ತುತ್ತಿತ್ತು. ಉಡಿದಾರ ಬಿಗಿದದ್ದು ಅದೇ.

ಆಪರೇಷನ್ ಆಯಿತು, ವರ್ಷ ಮೀರಿ ಟಿಬಿ ಮಾತ್ರೆ ನುಂಗಿದರು, ಕೋಲು ಹಿಡಿದು ನಡೆದರು. ಆ 11 ದಿನ ಕಳೆಯದಿದ್ದರೆ ಕೋಲು ಬೇಕಿತ್ತೋ ಇಲ್ಲವೋ.

ಎಂಆರ್‌ಐ ರೋಗ ಹುಡುಕಿಕೊಡುತ್ತೆ ಅನ್ನೋ ನಿಮ್ಮ ನಂಬಿಕೆಯೇ ಸರಿಯಿಲ್ಲ. ನೀವು ಬರೆದ ಜಾಗದ ಚಿತ್ರ ತೆಗೆಯುತ್ತೆ, ಅಷ್ಟೇ. ಉದ್ದ ಹಿಡಿಯ ಸುತ್ತಿಗೆ ತಗೊಳ್ಳಿ, ಸ್ಟೆತಸ್ಕೋಪಿನಿಂದ ಬಡಿಯೋ ಚಾಳಿ ಬಿಡಿ. ಮೊದಲ ವಾರ ರೂಮ್‌ಮೇಟು, ವಾರ್ಡ್ ಅಟೆಂಡರು, ಸಿಕ್ಕ ಆರೋಗ್ಯವಂತರ ಮೊಣಕಾಲಿಗೆಲ್ಲ ತಟ್ಟಿ (ಬೈಸಿಕೊಳ್ಳುತ್ತೀರಿ, ಪರವಾಗಿಲ್ಲ). ಸಹಜ ಯಾವುದು ಅಂತ ಕೈಗೆ ಗೊತ್ತಿರದಿದ್ದರೆ ಮೂರು ಪ್ಲಸ್ಸಿಗೆ ಅರ್ಥವಿಲ್ಲ. ಸ್ಕ್ಯಾನ್ ಫಾರಂ ತುಂಬುವ ಮುಂಚೆ ತೊಂದರೆ ಎಲ್ಲಿದೆ ಅಂತ ಒಂದು ಸಾಲು ಬರೆಯಿರಿ. ಬರೆಯೋಕೆ ಆಗದಿದ್ದರೆ ಹಾಸಿಗೆ ಹತ್ತಿರ ವಾಪಸ್ ಹೋಗಿ.

ಮುಂದೆ ಡಿಎಂ (ಎಂಡಿ ಆದ ಮೇಲಿನ ಸೂಪರ್‌ಸ್ಪೆಷಾಲಿಟಿ) ಮಾಡಲಾ ಅಂತಲೂ ಕೇಳಿದ್ದೀರಿ. ಪೋಸ್ಟಿಂಗ್ ಮುಗಿಸಿ ಬನ್ನಿ, ಆಮೇಲೆ ಮಾತಾಡೋಣ.