ಪ್ರತಿಕ್ರಿಯೆ: ಒಂಬತ್ತನೇ ತರಗತಿಗೆ ಮನಶ್ಶಾಸ್ತ್ರದ ಮೊದಲ ಪಾಠ

ಒಂಬತ್ತನೇ ತರಗತಿಗೆ ಒಂದೇ ಪೀರಿಯಡ್‌ನಲ್ಲಿ ಮನಶ್ಶಾಸ್ತ್ರವನ್ನು ಪರಿಚಯಿಸುವುದು ಹೇಗೆಂದು ಕೇಳಿದ್ದೀರಿ. ದಯವಿಟ್ಟು ಕನಸುಗಳ ವಿಶ್ಲೇಷಣೆಗೆ ಹೆಸರಾದ ಮನೋವಿಶ್ಲೇಷಕ ಫ್ರಾಯ್ಡ್‌ನಿಂದ ಆರಂಭಿಸಬೇಡಿ. ಕನಸಿನ ಅರ್ಥ ಹೇಳುವುದೇ ಈ ಶಾಸ್ತ್ರವೆಂದು ಮಕ್ಕಳು ತಿಳಿದುಬಿಡುತ್ತಾರೆ. ಬದಲಿಗೆ, ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕರಿಹಲಗೆಯ ಮೇಲೆಯೇ ಮಾಡಿಸಿ: ‘ಕೆಂಪು’ ಎಂಬ ಪದವನ್ನು ನೀಲಿ ಸೀಮೆಸುಣ್ಣದಲ್ಲಿ, ‘ಹಳದಿ’ಯನ್ನು ಹಸಿರಿನಲ್ಲಿ, ಹೀಗೆ ಇಪ್ಪತ್ತು ಪದಗಳನ್ನು ಬರೆದು, ಪದವನ್ನು ಓದದೆ ಅದರ ಬಣ್ಣವನ್ನಷ್ಟೇ ಹೇಳುವಂತೆ ತಿಳಿಸಿದರೆ, ಚುರುಕಾದ ಮಕ್ಕಳೂ ತಡವರಿಸುತ್ತಾರೆ. ಬರೀ ಬಣ್ಣದ ಚುಕ್ಕೆಗಳನ್ನು ಹೆಸರಿಸಲು ಹಿಡಿಯುವ ಸಮಯದೊಂದಿಗೆ ಇದನ್ನು ಹೋಲಿಸಿ. ರೂಢಿಯಾದ ಓದು ತಾನಾಗಿಯೇ ನಡೆದು ಅಡ್ಡಬರುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ. ಕನ್ನಡ ಓದಲು ಬಾರದವರು ತರಗತಿಯಲ್ಲಿದ್ದರೆ (ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ) ಅವರಿಗೆ ಈ ಅಡ್ಡಿಯಾಗದು. ಏಕೆಂದು ಉಳಿದವರನ್ನು ಕೇಳಿ. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಗಡಿಯಾರ ನೋಡುವ ಕೆಲಸ ಕೊಡಿ.