ನೋವಿಲ್ಲ ಅಂತ ಸುಮ್ಮನಿರಬೇಡಿ

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪಯ್ಯನಿಗೆ ಹದಿನೈದು ವರ್ಷದಿಂದ ಶುಗರ್. ಮಳೆ ಹಿಡಿದಾಗಿನಿಂದ ಕಿರುಬೆರಳ ಸಂದಿಯಲ್ಲಿ ಕೆಸರು ಹುಣ್ಣಾಗಿದೆ. ಮೂರು ವಾರವಾಯ್ತು. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇವೆ. ನೋವಿಲ್ಲ, ತೋಟಕ್ಕೂ ಹೋಗಿ ಬರುತ್ತಾರೆ. ನಿಮ್ಮ ಪತ್ರಿಕೆ ಮಾತ್ರ ಕಾಲು ತೆಗೆಯುವ ಮಾತು ಬರೆದು ಹೆದರಿಸುತ್ತದೆ. ಆಸ್ಪತ್ರೆಗೆ ಹೋದವರೇ ಕಾಲು ಕಳೆದುಕೊಂಡಿದ್ದನ್ನು ನೋಡಿದ್ದೇವೆ. ನಮ್ಮ ಹಿರಿಯರು ಬರಿಗಾಲಲ್ಲೇ ಓಡಾಡಿ ಬದುಕಲಿಲ್ಲವೇ?"

ನಿಮ್ಮ ಕಾಗದ ಓದಿದ ಕೂಡಲೇ ಫೋನ್ ಮಾಡಿದೆ. ಸಂಚಿಕೆ ಅಚ್ಚಾಗಿ ನಿಮ್ಮೂರು ಮುಟ್ಟುವವರೆಗೆ ಆ ಹುಣ್ಣು ಕಾಯುವುದಿಲ್ಲ. ಮಾರನೆಯ ದಿನವೇ ಹೋಗುತ್ತೇವೆ ಅಂದಿರಿ, ಸಂತೋಷವಾಯ್ತು. ಆದರೂ ಉತ್ತರ ಬರೆಯುತ್ತಿದ್ದೇನೆ. ನೀವು ಹೇಳಿದ ಮಾತನ್ನೇ ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ.

ಶುಗರ್ ಇಲ್ಲದವರ ಸಣ್ಣ ಗೀರಿಗೆ ಮನೆಮದ್ದು ಸಾಕಾಗಬಹುದು, ಒಪ್ಪುತ್ತೇನೆ. ಹಿರಿಯರು ಬರಿಗಾಲಲ್ಲಿ ನಡೆದದ್ದೂ ನಿಜ. ಆದರೆ ಮುಳ್ಳು ಚುಚ್ಚಿದರೆ ಅವರಿಗೆ ನೋಯುತ್ತಿತ್ತು. ಅಲ್ಲೇ ಕೂತು ತೆಗೆಯುತ್ತಿದ್ದರು. ಅಪ್ಪಯ್ಯನಿಗೆ ನೋವಿಲ್ಲ ಅಂದಿರಲ್ಲ, ಕಾಗದದಲ್ಲಿ ನನಗೆ ಭಯವಾದದ್ದು ಆ ಮಾತಿಗೇ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಪಾದದ ನರಗಳು ಸಾಯುತ್ತವೆ. ಮೊದಲು ಜೋಮು, ಉರಿ. ಆಮೇಲೆ ಏನೂ ಗೊತ್ತಾಗುವುದಿಲ್ಲ. ರಕ್ತನಾಳ ಕಿರಿದಾದರೆ ಗಾಯ ಮಾಯಲು ಬೇಕಾದ ರಕ್ತವೂ ಅಲ್ಲಿಗೆ ಬರುವುದಿಲ್ಲ.

ನಮ್ಮ ನೆಂಟರ ಮನೆಯಲ್ಲೊಬ್ಬ ಹಿರಿಯರಿದ್ದರು. ಒಂದು ಬೆಳಿಗ್ಗೆ ಸೊಸೆ ಜಗಲಿ ಗುಡಿಸುವಾಗ ನೆಲದ ಮೇಲೆ ಸಾಲಾಗಿ ರಕ್ತದ ಕಲೆ ಕಂಡಳು. ಅದನ್ನೇ ಹಿಡಿದು ಹೋದರೆ ಮಾವ ಕಾಫಿ ಕುಡಿಯುತ್ತಾ ಕೂತಿದ್ದಾರೆ. ಅಂಗಾಲು ಎತ್ತಿ ನೋಡಿದರೆ ಅಡಿಕೆ ದಬ್ಬೆಯ ಸಿಬಿರು ಅರ್ಧ ಬೆರಳುದ್ದ ಒಳಗೆ ಹೋಗಿದೆ, ಸುತ್ತ ಕೀವು ಕಟ್ಟಿದೆ. ಅವರಿಗೆ ಗೊತ್ತೇ ಇಲ್ಲ! ಇನ್ನೊಬ್ಬ ಅಜ್ಜಿ ಆಷಾಢದ ಚಳಿಗೆ ಬಚ್ಚಲ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದರು. ಹಿಮ್ಮಡಿ ಬೊಕ್ಕೆ ಬಂದು ಒಡೆದದ್ದು ಅವರ ಅರಿವಿಗೇ ಬರಲಿಲ್ಲ.

ಪಾಲ್ ಬ್ರ್ಯಾಂಡ್ ಎಂಬ ವೈದ್ಯರಿದ್ದರು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು, ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದವರು. ರೋಗವೇ ಬೆರಳನ್ನು ತಿಂದುಹಾಕುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಅವರು ತೋರಿಸಿಕೊಟ್ಟದ್ದು ಬೇರೆ: ಕುಷ್ಠದಲ್ಲೂ ನರ ಸತ್ತು ನೋವು ತಿಳಿಯದಾದ ಕಾಲಿನ ಮೇಲೆ ಅದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಡ ಬಿದ್ದು ಹುಣ್ಣಾಗುತ್ತದೆ, ಸೋಂಕು ತಗಲುತ್ತದೆ, ಬೆರಳು ಹೋಗುತ್ತದೆ. ಮುಂದೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೂ ಅವರು ಇದೇ ತಿಳಿವಳಿಕೆಯಿಂದ ಚಿಕಿತ್ಸೆ ಮಾಡಿದರು. ಇವತ್ತು ವೈದ್ಯರು ಬರೆದುಕೊಡುವ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರ್ ಚಪ್ಪಲಿ ಕುಷ್ಠರೋಗಿಗಳ ಕಾಲನ್ನು ಉಳಿಸಲು ಬಳಕೆಗೆ ಬಂದದ್ದು.

ಇನ್ನು ಕೆಸರು ಹುಣ್ಣು. ಬೆರಳ ಸಂದಿ ಸದಾ ಒದ್ದೆ ಇದ್ದರೆ ಚರ್ಮ ನೆಂದು ಬೆಳ್ಳಗಾಗುತ್ತದೆ, ಶಿಲೀಂಧ್ರ ಸೇರಿ ಬಿರಿಯುತ್ತದೆ. ಆ ಬಿರುಕಿನಲ್ಲಿ ಬ್ಯಾಕ್ಟೀರಿಯಾ ಇಳಿದರೆ ಪಾದ ಕೆಂಪಾಗಿ ಊದುತ್ತದೆ. ಕೆಲವೊಮ್ಮೆ ಮೂಳೆಗೂ ತಲುಪುತ್ತದೆ. ಆಗ ವಾರಗಟ್ಟಲೆ ಆ್ಯಂಟಿಬಯಾಟಿಕ್ ಬೇಕು. ಜ್ವರ ಬರಲಿಲ್ಲ ಅಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಶುಗರ್ ಇದ್ದವರಲ್ಲಿ ದೊಡ್ಡ ಸೋಂಕಿಗೂ ಜ್ವರ ಬಾರದೆ ಇರಬಹುದು. ಕಾರಣವಿಲ್ಲದೆ ಶುಗರ್ ಏರಿದರೆ ಕಾಲು ನೋಡಿ. ಹುಣ್ಣಿನ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ ಅದೇ ದಿನ ಹೊರಡಿ. ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗವೇ ಇದೆ.

ಆಸ್ಪತ್ರೆಗೆ ಹೋದವರೇ ಕಾಲು ಕಳೆದುಕೊಂಡರು ಅಂದಿರಿ. ಅವರು ಹೋದದ್ದು ಯಾವಾಗ ಅಂತ ಕೇಳಿ ನೋಡಿ. ಎಣ್ಣೆ ಹಚ್ಚಿ, ಸೊಪ್ಪು ಕಟ್ಟಿ, ಅವರಿವರ ಮಾತು ಕೇಳಿ, ಪಾದ ಕಪ್ಪಾದ ಮೇಲೆ. ಮೊದಲ ವಾರದಲ್ಲಿ ಹೋಗಿ ಡ್ರೆಸಿಂಗ್‌ನಲ್ಲೇ ವಾಸಿಯಾದವರ ಸುದ್ದಿ ಊರಲ್ಲಿ ಯಾರೂ ಆಡುವುದಿಲ್ಲ. ಅಡಿಕೆಗಾದರೆ ಮಳೆ ಹಿಡಿಯುವ ಮುಂಚೆಯೇ ಮರ ಹತ್ತುವ ಕೊನೆಗೌಡರನ್ನು ಕರೆಸಿ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ, 40-45 ದಿನಕ್ಕೆ ಮತ್ತೊಂದು ಸಲ. ಕೊಳೆ ಬಂದ ಮೇಲೆ ನೋಡೋಣ ಅಂತ ಯಾರೂ ಕೂರುವುದಿಲ್ಲ. ಅಪ್ಪಯ್ಯನ ಕಾಲಿಗೆ ಅಷ್ಟು ಕಾಳಜಿ ಬೇಡವೇ?

2017ರಲ್ಲಿ ಪ್ರಕಟವಾದ ವೈದ್ಯಕೀಯ ಲೇಖನವೊಂದರ ಅಂದಾಜಿನಂತೆ ಮಧುಮೇಹ ಇರುವ ನೂರರಲ್ಲಿ 19ರಿಂದ 34 ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಪಾದ ಹುಣ್ಣಾಗುತ್ತದೆ. ಅಂಥ ಹುಣ್ಣುಗಳಲ್ಲಿ ಅರ್ಧದಷ್ಟಕ್ಕೆ ಸೋಂಕು ತಗಲುತ್ತದೆ. ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಹೇಳಿತು. ಇಷ್ಟಿದ್ದರೂ ನಾನು ನೋಡಿದ ಶುಗರ್ ಕ್ಯಾಂಪುಗಳಲ್ಲಿ ಬೆರಳು ಚುಚ್ಚಿ ನಂಬರ್ ಬರೆದು ಕಳಿಸುತ್ತಾರೆ, ಚಪ್ಪಲಿ ಬಿಡಿಸಿ ಕಾಲು ನೋಡುವುದಿಲ್ಲ. ಸ್ಪರ್ಶ ತಿಳಿಯುತ್ತದೋ ಇಲ್ಲವೋ ಎಂದು ನೋಡಲು ಬೇಕಾದದ್ದು 10 ಗ್ರಾಂ ಒತ್ತಡಕ್ಕೆ ಬಗ್ಗುವ ಒಂದು ನೈಲಾನ್ ಎಳೆ, ಐದು ನಿಮಿಷ. ಹೊಸನಗರ, ಸೊರಬದಂಥ ತಾಲೂಕುಗಳಲ್ಲಿ ವಾರಕ್ಕೊಂದು ದಿನ ಪಾದ ನೋಡುವ ಒಬ್ಬ ನರ್ಸ್ ಇರಬೇಕು, ಅಲ್ಲೇ ಎಂಸಿಆರ್ ಚಪ್ಪಲಿ ಸಿಗಬೇಕು. ಚುನಾವಣೆಗೆ ಮನೆಬಾಗಿಲಿಗೆ ಬರುವವರನ್ನು ನಾವು ಇದನ್ನೂ ಕೇಳಬೇಕು, ರಸ್ತೆಯನ್ನು ಕೇಳಿದ ಹಾಗೆ.

ಇನ್ನೊಂದು ವಿಷಯ ಹೇಳಲೇಬೇಕು. ಅಮ್ಮನಿಗೂ ಶುಗರ್ ಇದೆ ಅಂತ ಫೋನ್ ಇಡುವ ಹೊತ್ತಿಗೆ ಹೇಳಿದಿರಿ. ಕಾಗದದಲ್ಲಿ ಅವರ ಸುದ್ದಿಯೇ ಇರಲಿಲ್ಲ. ಕೊಟ್ಟಿಗೆ, ಬಚ್ಚಲು, ಪಾತ್ರೆ ಅಂತ ದಿನವಿಡೀ ನೀರಲ್ಲಿ ನಿಲ್ಲುವ ಕಾಲು ಅವರದ್ದು. ನಮ್ಮಲ್ಲಿ ಗಂಡಸರ ಕಾಲಿಗಾದರೆ ಬಾಡಿಗೆ ಕಾರು ಬರುತ್ತದೆ, ಹೆಂಗಸರ ಹುಣ್ಣಿಗೆ ಮಳೆಗಾಲ ಮುಗಿಯಲಿ ಅನ್ನುತ್ತೇವೆ. ಇದು ನನಗೆ ತೀರಾ ಸಿಟ್ಟು ತರಿಸುವ ವಿಷಯ. ಇವತ್ತು ಸಂಜೆ ಅವರನ್ನು ಬೆಳಕಿಗೆ ಕೂರಿಸಿ ಎರಡೂ ಅಂಗಾಲು, ಹತ್ತೂ ಬೆರಳ ಸಂದಿ ನೋಡಿ. ಅಪ್ಪಯ್ಯನನ್ನು ಮುಂದಿನ ಡ್ರೆಸಿಂಗ್‌ಗೆ ಕರೆದುಕೊಂಡು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಡಾಕ್ಟರು ಏನೆಂದರು ಅಂತ ಬರೆಯಿರಿ.

-ಸಂಪಾದಕ